ದಿನಕ್ಕೆ 25 ಪ್ರಶ್ನೆ ಮಾಡಿ ಎನ್‌ಕ್ಲೆಕ್ಸ್-ಪಿಎನ್ ಪಾಸಾದೆ: ನನ್ನ ಅನುಭವ

ಎನ್‌ಕ್ಲೆಕ್ಸ್-ಪಿಎನ್ ಅಂದರೆ ಅಮೆರಿಕದಲ್ಲಿ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಆಗೋಕೆ ಬರೆಯುವ ಪರೀಕ್ಷೆ. ಅದಕ್ಕೆ ದಿನಕ್ಕೆ 25 ಪ್ರಶ್ನೆ ಮಾತ್ರ ಮಾಡ್ತೀನಿ ಅಂದಾಗ ನಮ್ಮ ಬ್ಯಾಚಿನಲ್ಲಿ ಒಬ್ಬರೂ ಒಪ್ಪಲಿಲ್ಲ. ನೂರಾದರೂ ಆಗಲೇಬೇಕು, ಇಲ್ಲದಿದ್ರೆ ಎನ್‌ಕ್ಲೆಕ್ಸ್ ಆಸೆ ಬಿಡು ಅಂದರು. ಈಗ ಎಲ್‌ಪಿಎನ್ ಲೈಸೆನ್ಸ್ ಬಂದಿದೆ, ಕೆಲಸವೂ ಸಿಕ್ಕಿದೆ. ಅಂದು ಬೇಡ ಅಂದವರಲ್ಲೇ ಇಬ್ಬರು ಈಗ ನನ್ನ ಹತ್ತಿರ ಕೂತು ಓದುತ್ತಿದ್ದಾರೆ.

ನೂರರ ದಾರಿಯನ್ನೂ ನಾನು ನೋಡಿದ್ದೇನೆ. ಕೋರ್ಸ್ ಮುಗಿದ ಮೇಲೆ ಮೊದಲ ಸಲ ಹಾಗೇ ಓದಿದ್ದು. ರಿವ್ಯೂ ಕ್ಲಾಸಿಗೆ ಸುಮಾರು 400 ಡಾಲರ್ ಹೋಯಿತು. ಪ್ರಶ್ನೆ ಬ್ಯಾಂಕಿಗೆ 150ರ ಆಸುಪಾಸು. ಪರೀಕ್ಷೆಗೆ 200, ರಾಜ್ಯದ ನರ್ಸಿಂಗ್ ಬೋರ್ಡಿನ ಅರ್ಜಿ ಶುಲ್ಕ ಬೇರೆ. ಓದೋಕೆ ಅಂತ ಸಿಎನ್‌ಎ (ನರ್ಸಿಂಗ್ ಸಹಾಯಕ) ಶಿಫ್ಟ್ ಬಿಟ್ಟಿದ್ದರಿಂದ ಹೋದ ಸಂಬಳ ಸೇರಿಸಿದರೆ ಒಟ್ಟು 1500 ದಾಟಿರಬೇಕು. ಆ ಕ್ಲಾಸಿನಲ್ಲಿ ಸ್ಲೈಡ್ ಓದಿದ್ದೇ ಜಾಸ್ತಿ, ಅದರಲ್ಲೂ ಅರ್ಧ ಆರ್‌ಎನ್ (ನಮಗಿಂತ ಮೇಲಿನ ರಿಜಿಸ್ಟರ್ಡ್ ನರ್ಸ್) ಪಾಠ. ಸಾವಿರಗಟ್ಟಲೆ ಪ್ರಶ್ನೆ ಮಾಡಿದೆ. ಪ್ರಾಕ್ಟೀಸ್ ಸ್ಕೋರ್ ಏರುತ್ತಲೇ ಇತ್ತು. ಪರೀಕ್ಷೆ ಮಾತ್ರ ಕನಿಷ್ಠ ಮಿತಿಯಾದ 85ನೇ ಪ್ರಶ್ನೆಗೇ ತಾನಾಗಿ ನಿಂತಿತು, ಫೇಲ್.

ಫೇಲಾದವರಿಗೆ ಬರುವ ವರದಿಯನ್ನು ತುಂಬಾ ಜನ ಕೋಪದಲ್ಲಿ ಮುಚ್ಚಿಟ್ಟುಬಿಡುತ್ತಾರೆ. ನನ್ನ ದಾರಿ ತಿರುಗಿದ್ದು ಅದರಿಂದಲೇ. ಒಂದೊಂದು ವಿಭಾಗದಲ್ಲೂ ನೀವು ಪಾಸ್ ಮಟ್ಟಕ್ಕಿಂತ ಮೇಲಿದ್ದೀರೋ, ಹತ್ತಿರವೋ, ಕೆಳಗೋ ಅಂತ ಅದರಲ್ಲಿ ಇರುತ್ತದೆ. ನನಗೆ ಔಷಧ ವಿಭಾಗ ಹತ್ತಿರ, ಕೋಆರ್ಡಿನೇಟೆಡ್ ಕೇರ್ (ಯಾರು ಯಾವ ಕೆಲಸ ಮಾಡಬೇಕು, ಯಾವುದು ಮೊದಲು ಅನ್ನುವಂಥದ್ದು) ಕೆಳಗೆ. ಪಿಎನ್ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಭಾಗ ಅದೇ, ಸುಮಾರು ಐದನೇ ಒಂದು ಭಾಗ. ಮತ್ತೆ ಬರೆಯೋಕೆ ಕಡಿಮೆ ಅಂದರೂ 45 ದಿನ ಕಾಯಬೇಕು, ಇನ್ನೊಮ್ಮೆ 200 ಡಾಲರ್ ಕಟ್ಟಬೇಕು. ಈ ಸಲ ಬೇರೆ ಯಾವುದಕ್ಕೂ ದುಡ್ಡು ಹಾಕಲ್ಲ ಅಂತ ಗಟ್ಟಿ ಮಾಡಿಕೊಂಡೆ. ಪ್ರಶ್ನೆ ಬ್ಯಾಂಕನ್ನು ಮಾತ್ರ ಒಂದು ತಿಂಗಳಿಗೆ ಮುಂದುವರಿಸಿದೆ, 50ರಿಂದ 60 ಡಾಲರ್ ಆಯಿತು.

ಇನ್ನು ವಿಧಾನ. ಪ್ರಶ್ನೆ ತೆರೆದಾಗ ಆಯ್ಕೆಗಳ ಮೇಲೆ ಒಂದು ಕಾಗದ ಇಟ್ಟು ಮುಚ್ಚುತ್ತಿದ್ದೆ. ರೋಗಿಗೆ ಏನಾಗುತ್ತಿದೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಜೋರಾಗಿ ಹೇಳಿಕೊಂಡು ಆಮೇಲೆ ಕಾಗದ ತೆಗೆಯುವುದು. ಸರಿಯಾಗಲಿ ತಪ್ಪಾಗಲಿ, ಉಳಿದ ಮೂರು ಆಯ್ಕೆ ಯಾಕೆ ಬೇಡ ಅಂತ ನೋಟ್‌ಬುಕ್ಕಿನಲ್ಲಿ ನನ್ನ ಮಾತಲ್ಲೇ ಬರೆಯುತ್ತಿದ್ದೆ. ಪುಸ್ತಕದ ವಿವರಣೆ ನೋಡುವುದು ಅದಾದ ಮೇಲೆ. 25 ಪ್ರಶ್ನೆಗೆ ಮೂರು ಗಂಟೆ ಹಿಡಿಯುತ್ತಿತ್ತು.

ಒಂದು ಉದಾಹರಣೆ. ರೋಗಿಗೆ ಡಿಗಾಕ್ಸಿನ್ (ಹೃದಯದ ಔಷಧ), ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಔಷಧ) ಎರಡೂ ನಡೆಯುತ್ತಿದೆ. ಬೆಳಗಿನ ಪೊಟ್ಯಾಸಿಯಂ 2.9. ಮಾತ್ರೆ ಕೊಡುವ ಹೊತ್ತು. ಆಯ್ಕೆಗಳು: ಎರಡನ್ನೂ ಕೊಡುವುದು, ಬಾಳೆಹಣ್ಣು ತಿನ್ನಿಸುವುದು, ಮಾತ್ರೆ ತಡೆದು ಆರ್‌ಎನ್‌ಗೆ ತಿಳಿಸುವುದು, ನಾಳೆ ಮತ್ತೆ ರಕ್ತ ಪರೀಕ್ಷೆ ಮಾಡಿಸುವುದು. ಮೂರನೆಯದು ಸರಿ ಅಂತ ಎಲ್ಲರಿಗೂ ಗೊತ್ತು. ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ಉಳಿದದ್ದರ ಬಗ್ಗೆ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದೆ, ಫ್ಯೂರೋಸೆಮೈಡ್ ಇನ್ನಷ್ಟು ಹೊರಗೆ ಹಾಕುತ್ತದೆ. ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ವಿಷವಾಗುವ ಅಪಾಯ ಹೆಚ್ಚು, ಎದೆಬಡಿತ ತಪ್ಪುತ್ತದೆ. ಬಾಳೆಹಣ್ಣು ಒಳ್ಳೆಯದೇ, ಆದರೆ 2.9 ಇದ್ದಾಗ ಅದನ್ನು ನಂಬಿ ಕೂರುವಂತಿಲ್ಲ. ನಾಳೆವರೆಗೆ ಕಾಯುವಂತೆಯೂ ಇಲ್ಲ. ಇಷ್ಟು ಕೈಯಾರೆ ಬರೆದ ಮೇಲೆ ಅದೇ ವಿಷಯವನ್ನು ಹೇಗೆ ತಿರುಚಿ ಕೇಳಿದರೂ ನಾನು ಬೀಳಲಿಲ್ಲ.

ತಪ್ಪುಗಳನ್ನು ವಿಷಯದ ಪ್ರಕಾರ ಬರೆದಿಡಲಿಲ್ಲ. ನಾಲ್ಕು ಕಾಲಂ ಹಾಕಿದೆ: ಗೊತ್ತಿರಲಿಲ್ಲ, ಪ್ರಶ್ನೆ ಅವಸರದಲ್ಲಿ ಓದಿದೆ, ಸರಿ ಉತ್ತರ ಬದಲಾಯಿಸಿದೆ, ಆರ್‌ಎನ್ ಕೆಲಸ ನಾನು ಮಾಡಹೊರಟೆ. ಎರಡು ವಾರಕ್ಕೇ ಕೊನೆಯ ಕಾಲಂ ತುಂಬಿ ಪಕ್ಕದ ಪುಟಕ್ಕೆ ಹೋಯಿತು. ಇನ್ಸುಲಿನ್ ಹೊಸದಾಗಿ ಶುರುವಾದವರಿಗೆ ಮೊದಲ ಪಾಠ ಹೇಳುವುದು, ಆಗಷ್ಟೇ ಅಡ್ಮಿಟ್ ಆದವರ ಮೊದಲ ಅಸೆಸ್‌ಮೆಂಟ್, ಸ್ಥಿತಿ ಏರುಪೇರಾಗುತ್ತಿರುವ ರೋಗಿ, ಇವೆಲ್ಲ ಆರ್‌ಎನ್ ಪಾಲು. ಆರ್‌ಎನ್ ಹೇಳಿಕೊಟ್ಟದ್ದನ್ನು ಮತ್ತೆ ನೆನಪಿಸುವುದು, ಸ್ಥಿರವಾಗಿರುವ ರೋಗಿಯನ್ನು ನೋಡಿಕೊಳ್ಳುವುದು ನಮ್ಮ ಪಾಲು. ಗೊತ್ತಿರುವ ವಿಷಯವೇ ಅಲ್ವಾ? ಆದರೂ ನನ್ನ ಅಂಕ ಹೋಗುತ್ತಿದ್ದದ್ದು ಅಲ್ಲೇ. ಆ 25 ಪ್ರಶ್ನೆಗಳನ್ನು ಯಾವ ಲೆಕ್ಕದಲ್ಲಿ ಆರಿಸುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರ ಓದುತ್ತಿರುವ ಆ ಇಬ್ಬರಿಗೆ ಮಾತ್ರ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಲ್ಯಾಬ್ ಸಂಖ್ಯೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ಒಂದೂ ತಲೆಗೆ ಹತ್ತಲಿಲ್ಲ. ಔಷಧಗಳನ್ನು ಹೆಸರಿನ ಬಾಲ ಹಿಡಿದು ಗುಂಪು ಮಾಡಿದ್ದು ಚೆನ್ನಾಗಿ ಕೆಲಸ ಮಾಡಿತು: ಓಲಾಲ್, ಪ್ರಿಲ್, ಸಾರ್ಟನ್, ಹೀಗೆ. ಇನ್ನೊಂದು, ಸರಿಯಾದದ್ದೆಲ್ಲ ಆರಿಸಿ ಅನ್ನುವ ಪ್ರಶ್ನೆ. 2023ರ ಏಪ್ರಿಲ್‌ನಿಂದ ಅದಕ್ಕೆ ಭಾಗಶಃ ಅಂಕ ಇದೆ. ಸರಿ ಆಯ್ಕೆಗೆ ಒಂದು ಸಿಗುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯಲ್ಲ. ಒಂದು ವಾರ ಅನುಮಾನ ಇದ್ದದ್ದನ್ನೂ ಟಿಕ್ ಮಾಡಿದೆ, ಇನ್ನೊಂದು ವಾರ ಖಚಿತ ಇದ್ದದ್ದನ್ನಷ್ಟೇ. ಎರಡನೆಯದರಲ್ಲಿ ಅಂಕ ಜಾಸ್ತಿ ಬಂತು.

ಎರಡನೇ ಸಲ 85 ದಾಟಿದರೂ ಪರೀಕ್ಷೆ ನಿಲ್ಲಲಿಲ್ಲ. 85 ದಾಟಿದರೆ ಕಥೆ ಮುಗೀತು ಅಂತ ಹೇಳುವವರಿದ್ದಾರೆ, ನಂಬಬೇಡಿ. ನೀವು ಪಾಸ್ ಮಟ್ಟಕ್ಕಿಂತ ಮೇಲೋ ಕೆಳಗೋ ಅಂತ ಶೇ. 95ರಷ್ಟು ಖಚಿತವಾಗುವವರೆಗೆ ಕಂಪ್ಯೂಟರ್ ಕೇಳುತ್ತಲೇ ಇರುತ್ತದೆ, 150ರವರೆಗೂ ಹೋಗಬಹುದು. ಐದು ಗಂಟೆ ಇರುತ್ತದೆ, ಅವಸರ ಬೇಡ. ಬ್ರೇಕ್ ತಗೊಂಡರೂ ಗಡಿಯಾರ ಓಡುತ್ತಿರುತ್ತದೆ, ಆದರೂ ನಾನು ತಗೊಂಡೆ. ನನ್ನದು 120ರ ಸುಮಾರಿಗೆ ನಿಂತಿತು. ಎರಡು ದಿನ ಬಿಟ್ಟು 7.95 ಡಾಲರ್ ಕಟ್ಟಿ ಕ್ವಿಕ್ ರಿಸಲ್ಟ್ ನೋಡಿದೆ, ಪಾಸ್.

ನೋಟ್‌ಬುಕ್ಕಿನ ಜೆರಾಕ್ಸ್ ಕೊಡಿ ಅಂತ ತುಂಬಾ ಜನ ಕೇಳಿದರು. ಕೊಟ್ಟಿಲ್ಲ. ಅದರಲ್ಲಿರುವುದು ನನ್ನ ತಪ್ಪುಗಳು, ನಿಮ್ಮ ನಾಲ್ಕು ಕಾಲಂಗಳಲ್ಲಿ ಯಾವುದು ಮೊದಲು ತುಂಬುತ್ತದೋ ನನಗೆ ಗೊತ್ತಿಲ್ಲ. ಇವತ್ತೇ ಗೆರೆ ಹಾಕಿ ಶುರು ಮಾಡಿ.