ಅಸ್ಸಾಮಿಂದ ಬಂದವಳಿಗೆ ಬೆಂಗಳೂರಲ್ಲಿ ಕೆಲಸ ಕೊಡಿಸುವಾಗ

ನಿಮ್ಮ ಬೀದಿಯಲ್ಲಿ ಅಸ್ಸಾಮಿಂದಲೋ ಮಣಿಪುರದಿಂದಲೋ ಬಂದ ಹೆಂಗಸು ಕೆಲಸ ಹುಡುಕುತ್ತಿದ್ದರೆ, ಸುಮ್ನೆ ಒಂದು ಫೋನ್ ನಂಬರ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಹೇಗೋ ಸಿಗುತ್ತದೆ. ಅಲ್ಲಿ ಆರು ತಿಂಗಳು ನಿಲ್ಲುವುದೇ ಕಷ್ಟ.

ಮೊದಲು ಆಧಾರ್ ನೋಡಿ. ಅದರಲ್ಲಿರುವ ಹೆಸರು, ಹುಟ್ಟಿದ ತಾರೀಖು ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಹಾಗೇ ಇರಬೇಕು. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗಿಗೆ ಒಂದರಲ್ಲಿ ‘ದಾಸ್’ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಅಷ್ಟಕ್ಕೇ ಪಿಎಫ್ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಬಾಡಿಗೆ ಕರಾರು ಇಟ್ಟು ವಿಳಾಸವನ್ನೂ ಇಲ್ಲಿಗೆ ಬದಲಾಯಿಸಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ ಅಲ್ವಾ, ಆದರೆ ಅದು ಕರ್ನಾಟಕದವರಿಗೆ. ಗುರುತಿನ ಚೀಟಿಯಲ್ಲಿ ಇಲ್ಲಿನ ವಿಳಾಸ ಇಲ್ಲದಿದ್ದರೆ ಟಿಕೆಟ್ ದುಡ್ಡು ಕೊಡಲೇಬೇಕು. ದಿನಾ ನಾಲ್ಕು ಬಸ್ ಹತ್ತುವವಳಿಗೆ ಅದೇ ಜಾಸ್ತಿ ಆಗುತ್ತದೆ.

ಸಂಬಳ ಮಾತಾಡುವ ದಿನ ಜೊತೆಗೆ ಹೋಗಿ. ಕೈಗೆ ಎಷ್ಟು ಬರುತ್ತದೆ ಅಂತ ಬಾಯಿಬಿಟ್ಟು ಕೇಳಿ. ಮೊದಲ ಸ್ಲಿಪ್ ಬಂದಾಗ ಪಕ್ಕದಲ್ಲಿ ಕೂತು ಓದಿ: ಪಿಎಫ್ ಅಂತ 12%, ಆಸ್ಪತ್ರೆ ಖರ್ಚಿನ ವಿಮೆಗೆ ಇಎಸ್‌ಐ ಅಂತ 0.75% ಹಿಡಿದಿರುತ್ತಾರೆ. ಹಿಡಿದರೆ ಸಾಲದು, ಕಟ್ಟಿದ್ದಾರಾ ಅಂತಲೂ ನೋಡಬೇಕು. ಅದಕ್ಕೇ ಪಿಎಫ್ ಖಾತೆ ನೋಡಲು ಬೇಕಾದ 12 ಅಂಕಿಯ ನಂಬರ್, ಅಂದರೆ ಯುಎಎನ್, ಅವಳ ಸ್ವಂತ ಮೊಬೈಲ್ ನಂಬರಿಗೇ ಸೇರಿರಲಿ, ಕೆಲಸಕ್ಕೆ ಸೇರಿಸಿದ ಏಜೆಂಟನದಕ್ಕಲ್ಲ.

ಇನ್ನು ಮುಖ ನೋಡಿ ಕರೆಯುವ ಚಾಳಿ. ನಮ್ಮ ಮಹಡಿಯ ಆ ಹುಡುಗಿಯನ್ನು ಹೊಲಿಗೆ ಲೈನಿನಲ್ಲಿ ‘ಏ ನೇಪಾಳಿ’ ಅಂತಲೇ ಕೂಗುತ್ತಿದ್ದರಂತೆ. ಅವಳು ನೇಪಾಳ ಕಂಡವಳೇ ಅಲ್ಲ. ನಾವು ಒಂದು ಸಂಜೆ ಕೂತು ನಾಲ್ಕೇ ಮಾತು ಕಲಿಸಿದೆವು: ‘ಹೆಸರು ಹೇಳಿ ಕರೀರಿ ಸಾರ್’, ‘ಸೂಜಿ ಮುರೀತು’, ‘ಹುಷಾರಿಲ್ಲ’, ‘ನಾಳೆ ರಜೆ ಬೇಕು’. ಕೊನೆಯದು ಬರದೇ ಇದ್ದದ್ದಕ್ಕೆ ಹಿಂದಿನ ಕೆಲಸ ಹೋಗಿತ್ತು. ಜ್ವರ ಬಂದಾಗ ಹೇಳಲು ಗೊತ್ತಾಗದೆ ಮೂರು ದಿನ ಮನೆಯಲ್ಲೇ ಉಳಿದಿದ್ದಳು.

ಮೈಮೇಲೆ ಕೈ ಹಾಕಿದರೆ, ಕೆಟ್ಟ ಮಾತಾಡಿದರೆ ಬೇರೆ ದಾರಿ. ಹತ್ತು ಜನ ಇರುವ ಜಾಗದಲ್ಲಿ ದೂರು ಸಮಿತಿ ಇರಲೇಬೇಕು ಅಂತ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಹೇಳುತ್ತದೆ. ಅದಕ್ಕಿಂತ ಚಿಕ್ಕ ಪಾರ್ಲರ್, ಮನೆಗೆಲಸ ಅಂದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮೂರು ತಿಂಗಳ ಒಳಗೆ ಕೊಡಬೇಕು. ಬರೆಯಲು ಬರದಿದ್ದರೆ ಬರೆಯಲು ನೆರವಾಗುವುದು ಸಮಿತಿಯವರದೇ ಕೆಲಸ.

ಕೆಲಸ ಬಿಟ್ಟರೆ ಹೊಸ ಕಡೆಯೂ ಹಳೇ ಯುಎಎನ್ನನ್ನೇ ಕೊಡಲು ಹೇಳಿ.