ಎಂ3 ಕಾರಿನ ರಾಡ್ ಬೇರಿಂಗ್: ಮನೆಯ ಶೆಡ್ಡಿನಲ್ಲೇ ಬದಲಾಯಿಸುವ ಬಗೆ

ಮಲ್ಪೆಯಲ್ಲಿ ಬೋಟುಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವುದು ನನ್ನ ಹೊಟ್ಟೆಪಾಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸ್ವಂತ ಕಾರಿನ ಕೆಲಸವೇನಿದ್ದರೂ ಡಿಸೆಂಬರ್ ನಂತರವೇ. ಅದು ಒಳ್ಳೆಯದೇ ಆಯಿತು. ಬಿಚ್ಚಿಟ್ಟ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ಎಂಜಿನ್ನಿನ ದಂಡ) ಆಷಾಢದ ಉಪ್ಪುಗಾಳಿ ತಾಗಬಾರದು.

ನನ್ನದು ಬಿಎಂಡಬ್ಲ್ಯು ಎಂ3, ಇ92 ಮಾದರಿ. ನಾಲ್ಕು ಲೀಟರಿನ ವಿ8 ಎಂಜಿನ್, ಹೆಸರು ಎಸ್65, ಪೂರ್ತಿ ಶಕ್ತಿ ಬರುವುದು 8300 ಆರ್‌ಪಿಎಂನಲ್ಲಿ. ಇದರ ರಾಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕನ್ನು ಹಿಡಿಯುವಲ್ಲಿನ ತೆಳು ಒಳಪದರ, ಬೇಗ ಸವೆಯುತ್ತದೆ ಎಂಬುದು ಕೊಂಡವರಿಗೆಲ್ಲ ಗೊತ್ತು. ಆದರೂ ಶಬ್ದ ಬರಲಿ, ಆಮೇಲೆ ನೋಡೋಣ ಎನ್ನುವವರೇ ಹೆಚ್ಚು. ಕೆಳಗಿನಿಂದ ಟಕಟಕ ಕೇಳಿಸಿದ ಮೇಲೆ ಖರ್ಚು ಬೇರಿಂಗ್‌ನದಲ್ಲ, ಕ್ರ್ಯಾಂಕ್‌ನದು. ಎಣ್ಣೆ ಬದಲಾಯಿಸಿದಾಗಲೆಲ್ಲ ಹಳೆಯ ಫಿಲ್ಟರ್ ಕೊಯ್ದು ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಮಿನುಗುವ ಚೂರು ಕಂಡರೆ ಕಾಯಬೇಡಿ.

ಮೊದಲು ಜಾಗ. ಮುರಕಲ್ಲಿನ ಅಂಗಳ, ಇಂಟರ್‌ಲಾಕ್ ಹಾಸು ಎರಡೂ ಬೇಡ. ಕಾರನ್ನು ಎತ್ತಿ ನಿಲ್ಲಿಸಿದ ಸ್ಟ್ಯಾಂಡಿನ ಕಾಲು ಮೆಲ್ಲಗೆ ಕುಸಿಯುತ್ತದೆ. ಗಟ್ಟಿ ಕಾಂಕ್ರೀಟ್ ನೆಲವೇ ಬೇಕು. ಎಂಜಿನ್ನನ್ನು ಮೇಲಿನಿಂದ ಸಪೋರ್ಟ್ ಬಾರ್‌ನಲ್ಲಿ ತೂಗುಹಾಕಿ. ಸ್ಟೀರಿಂಗನ್ನು ನೇರ ಇಟ್ಟು ಕಟ್ಟಿಹಾಕಿದ ಮೇಲೆಯೇ ಅದರ ಜಾಯಿಂಟ್ ಬಿಚ್ಚಿ, ಇಲ್ಲದಿದ್ದರೆ ಸ್ಟೀರಿಂಗ್ ಚಕ್ರ ತಿರುಗಿ ಅದರ ಒಳಗಿನ ತಂತಿಯ ಸುರುಳಿ ತುಂಡಾಗುತ್ತದೆ. ಎಣ್ಣೆ ಇಳಿಸಿ, ಮುಂದಿನ ಸಬ್‌ಫ್ರೇಮ್ (ಎಂಜಿನ್ ಅಡಿಯ ಚೌಕಟ್ಟು) ಇಳಿಸಿ, ಆಯಿಲ್ ಪ್ಯಾನ್ (ಎಂಜಿನ್ ತಳದ ಎಣ್ಣೆ ತಟ್ಟೆ) ತೆಗೆಯಿರಿ. ನಮ್ಮ ಕಡೆ ತುಕ್ಕು ಹಿಡಿದ ಬೋಲ್ಟ್‌ಗಳದ್ದೇ ದೊಡ್ಡ ರಗಳೆ. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟಿಡಿ.

ಈಗ ಅಸಲಿ ಕೆಲಸ. ನಾಲ್ಕು ಕ್ರ್ಯಾಂಕ್ ಪಿನ್, ಒಂದೊಂದರಲ್ಲಿ ಎರಡು ರಾಡ್, ಪ್ರತಿ ರಾಡಿಗೆ ಬೇರಿಂಗಿನ ಎರಡು ಅರ್ಧಗಳು, ಅಂದರೆ ಶೆಲ್‌ಗಳು, ಒಟ್ಟು ಹದಿನಾರು. ಕ್ರ್ಯಾಂಕನ್ನು ಕೈಯಿಂದಲೇ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ, ಒಂದು ಪಿನ್ ಕೆಳಗೆ ಬಂದಾಗ ಅದರ ರಾಡ್‌ಗಳನ್ನು ಒಂದಾದ ಮೇಲೊಂದು ಬಿಚ್ಚಿ. ಇಲ್ಲೊಂದು ಎಚ್ಚರ: ಈ ರಾಡ್‌ಗಳ ಕ್ಯಾಪ್ (ಪಿನ್ನನ್ನು ಕೆಳಗಿನಿಂದ ಹಿಡಿಯುವ ಅರ್ಧ) ಗರಗಸದಿಂದ ಕೊಯ್ದದ್ದಲ್ಲ, ಕಾರ್ಖಾನೆಯಲ್ಲಿ ಸೀಳಿ ಮುರಿದದ್ದು. ಮುರಿದ ಮುಖದ ಒರಟು ಕಣಗಳು ಒಂದಕ್ಕೊಂದು ಕಚ್ಚಿಕೊಂಡೇ ಕ್ಯಾಪ್ ಸರಿಯಾಗಿ ಕೂರುವುದು. ಆ ರಾಡಿಗೆ ಆ ಕ್ಯಾಪೇ, ಅದೇ ದಿಕ್ಕಿಗೇ. ಮುರಿದ ಮುಖಕ್ಕೆ ಬಟ್ಟೆ ಉಜ್ಜಬೇಡಿ, ನೆಲಕ್ಕೆ ತಾಗಿಸಿ ಇಡಬೇಡಿ. ನಾನು ಮೊಟ್ಟೆಯ ಟ್ರೇಯಲ್ಲಿ ಸಂಖ್ಯೆ ಬರೆದು, ಹಳೆಯ ಶೆಲ್‌ಗಳ ಜೊತೆಗೆ ಸಾಲಾಗಿ ಇಡುತ್ತೇನೆ.

ಹಳೆಯ ಶೆಲ್‌ಗಳನ್ನು ಬಿಸಾಡುವ ಮುನ್ನ ಓದಿ. ಸಿಲಿಂಡರಿನ ಸ್ಫೋಟದ ಹೊಡೆತ ಬೀಳುವುದು ರಾಡಿನ ಕಡೆಯ ಮೇಲಿನ ಶೆಲ್‌ಗೆ. ಬೂದು ಪದರ ಸವೆದು ತಾಮ್ರ ಇಣುಕುವುದು ಸಾಮಾನ್ಯವಾಗಿ ಅಲ್ಲೇ. ಆಮೇಲೆ ಉಗುರನ್ನು ಪಿನ್ನಿನ ಮೇಲೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡಿತೇ? ಕೆಲಸ ಅಲ್ಲಿಗೆ ನಿಲ್ಲಿಸಿ. ಆ ಕ್ರ್ಯಾಂಕ್ ಹೊರಗೆ ಬರಲೇಬೇಕು, ಹೊಸ ಶೆಲ್ ಹಾಕಿ ಮುಚ್ಚುವುದು ದುಡ್ಡು ದಂಡ.

ಪಿನ್ ನುಣುಪಾಗಿದ್ದರೆ ಹೊಸ ಶೆಲ್ ಕೂರಿಸಿ, ಒಣಗಿದ ಪಿನ್ನಿನ ಮೇಲೆ ಪ್ಲಾಸ್ಟಿಗೇಜ್ (ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಕ್) ಎಳೆ ಇಟ್ಟು, ಹಳೆಯ ಬೋಲ್ಟ್‌ನಲ್ಲೇ ಬಿಗಿದು ಬಿಚ್ಚಿ. ಈ ನಡುವೆ ಕ್ರ್ಯಾಂಕ್ ಕದಲಬಾರದು. ಚಪ್ಪಟೆಯಾದ ಎಳೆಯ ಅಗಲವನ್ನು ಅದರ ಜೊತೆ ಬರುವ ಅಳತೆಪಟ್ಟಿಗೆ ಹೋಲಿಸಿದರೆ ಎಣ್ಣೆಗೆ ಇರುವ ಜಾಗ ತಿಳಿಯುತ್ತದೆ, ಎಳೆ ಅಗಲವಾದಷ್ಟೂ ಜಾಗ ಕಡಿಮೆ. ಎಲ್ಲವನ್ನೂ ಬರೆದಿಡಿ. ಎಳೆಯನ್ನು ಒರೆಸಿ ತೆಗೆದು, ಶೆಲ್‌ನ ಬೆನ್ನು ಪೂರ್ತಿ ಒಣಗಿರಲಿ, ಮುಖಕ್ಕೆ ಮಾತ್ರ ಅಸೆಂಬ್ಲಿ ಲೂಬ್ ಹಚ್ಚಿ. ಅಂತಿಮ ಬಿಗಿತಕ್ಕೆ ಹೊಸ ಬೋಲ್ಟ್‌ಗಳೇ ಆಗಬೇಕು. ಇವು ಬಿಗಿಯುವಾಗ ಹಿಗ್ಗುವ ಬೋಲ್ಟ್‌ಗಳು, ಒಮ್ಮೆ ಹಿಗ್ಗಿದ ಮೇಲೆ ನಂಬುವಂತಿಲ್ಲ. ನಿಮ್ಮ ಬೋಲ್ಟಿನ ತಯಾರಕರು ಹೇಳಿದ ಟಾರ್ಕ್‌ಗೆ ಮೊದಲು, ಆಮೇಲೆ ಕೋನದ ಗೇಜ್ ಹಿಡಿದು ಹೇಳಿದಷ್ಟು ಡಿಗ್ರಿ. ಬಿಗಿದದ್ದಕ್ಕೆ ಬಣ್ಣದ ಗುರುತು. ಪ್ರತಿ ಪಿನ್ ಮುಗಿದಾಗ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಹಿಡಿದರೆ ಆಗಲೇ ಹುಡುಕುವುದು ಸುಲಭ.

ಪ್ಯಾನಿಗೆ ಹೊಸ ಗ್ಯಾಸ್ಕೆಟ್, ಹೊಸ ಫಿಲ್ಟರ್, 10ಡಬ್ಲ್ಯು-60 ಎಣ್ಣೆ. ಇಂಧನ ಮತ್ತು ಇಗ್ನಿಷನ್ ಕಡಿತ ಮಾಡಿ, ಎಣ್ಣೆಯ ಒತ್ತಡ ಬರುವವರೆಗೆ ಸ್ಟಾರ್ಟರ್ ಮಾತ್ರ ತಿರುಗಿಸಿ, ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡಿ. ಸಬ್‌ಫ್ರೇಮ್ ಇಳಿಸಿದ್ದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಗಾಡಿ ಮೇಲೆ ಎತ್ತಿರುವಾಗಲೇ ಬ್ರೇಕ್ ಎಣ್ಣೆಯನ್ನೂ ಬದಲಾಯಿಸಿಬಿಡಿ. ಡಾಟ್ 4 ಗಾಳಿಯ ತೇವ ಹೀರುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ಹೀರಲು ಬೇಕಾದಷ್ಟಿದೆ. ತೇವ ಕುಡಿದ ಎಣ್ಣೆ ಬೇಗ ಕುದಿಯುತ್ತದೆ, ಆಗುಂಬೆ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಅದರಿಂದಲೇ. ಎರಡು ವರ್ಷಕ್ಕಿಂತ ಹೆಚ್ಚು ಬಿಡಬೇಡಿ.

ಇನ್ನು ಓಡಿಸುವುದು. ಈ ಕಾರಿನ ಟ್ಯಾಕೋಮೀಟರಿನಲ್ಲಿ (ಎಂಜಿನ್ ವೇಗ ತೋರಿಸುವ ಮೀಟರ್) ಎಣ್ಣೆ ಬಿಸಿಯಾದಂತೆ ಕೆಂಪು ಗೆರೆ ತಾನಾಗಿ ಮೇಲೇರುತ್ತದೆ. ಸಂತೆಕಟ್ಟೆ ದಾಟಿ ಹೆದ್ದಾರಿ ಖಾಲಿ ಸಿಕ್ಕಿತೆಂದು ಅದು ಏರುವ ಮೊದಲೇ ಪೆಡಲ್ ಒತ್ತಬೇಡಿ. ಎಂಜಿನ್ನಿನ ನೀರು ಬಿಸಿಯಾದ ಮೇಲೂ ಎಣ್ಣೆ ಸ್ವಲ್ಪ ಹೊತ್ತು ತಣ್ಣಗೇ ಇರುತ್ತದೆ.