ಮುತ್ಯಾ ತಿದ್ದಿದ ಪತ್ರಿಕೆ

ಕಲಬುರಗಿಯ ಬಾಡಿಗೆ ಮನೆಯೊಂದರಲ್ಲಿ ನಾವು ಮೂವರು ಗೆಳೆಯರು ಸೇರಿ ಸಂಗೀತ, ಸಂಸ್ಕೃತಿಯ ಆನ್‌ಲೈನ್ ಪತ್ರಿಕೆ ಶುರು ಮಾಡಿದೆವು. ಮೊದಲ ವರ್ಷ ಬರೀ ಉದ್ದುದ್ದ ಲೇಖನ. ಬಂದೇನವಾಜ್ ದರ್ಗಾದ ಉರುಸು, ಕವ್ವಾಲಿ, ಶರಣಬಸವೇಶ್ವರ ಜಾತ್ರೆ, ಎಲ್ಲಾ ಬರೆದೆವು. ಓದಿದವರು ಮಾತ್ರ ನಮ್ಮ ಪರಿಚಯದವರೇ.

ಪತ್ರಿಕೆ ಬೆಳೆದದ್ದು ತತ್ವಪದದಿಂದ, ಅಂದರೆ ಅನುಭಾವಿಗಳು ಕಟ್ಟಿದ ಹಾಡುಗಳಿಂದ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಭಜನೆಯಲ್ಲಿ ಹಾಡುತ್ತಾರೆ. ಜೇವರ್ಗಿ ಕಡೆಯ ಒಂದೂರಿಗೆ ಅಮಾವಾಸ್ಯೆ ಭಜನೆಗೆ ಹೋದೆ. ಮೊಬೈಲನ್ನು ತಾಳ ಬಡಿಯುವವರ ಮುಂದೆ ಇಟ್ಟಿದ್ದೆ. ಮನೆಗೆ ಬಂದು ಕೇಳಿದರೆ ಬರೀ ಝಣಝಣ, ಪದವೇ ಇಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದೆ. ಈ ಸಲ ಏಕತಾರಿ ಹಿಡಿದು ಹಾಡುತ್ತಿದ್ದ ಮುತ್ಯಾನ (ನಮ್ಮ ಕಡೆ ಅಜ್ಜನಿಗೆ ಹೀಗನ್ನುತ್ತಾರೆ) ಮೊಣಕಾಲ ಪಕ್ಕ ಟವೆಲ್ ಮಡಚಿ, ಅದರ ಮೇಲೆ ಇಟ್ಟೆ. ಅವರು ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಆಡಿಯೊ ಜೊತೆ ಪದವನ್ನೂ ಅಚ್ಚುಕಟ್ಟಾಗಿ ತಿದ್ದಿ ಹಾಕಿದೆ. ಮೊಮ್ಮಗ ಓದಿ ಹೇಳಿದ್ದನ್ನು ಕೇಳಿದ ಮುತ್ಯಾ ನನ್ನನ್ನು ಕರೆಸಿದರು. ‘ತಮ್ಮಾ, ನಾ ಹಿಂಗ ಹಾಡೀನೇನು?’ ಅಂದರು. ಅವರು ‘ಹೊಂಟಾನ’ ಅಂದದ್ದನ್ನು ನಾನು ‘ಹೊರಟಿದ್ದಾನೆ’ ಮಾಡಿದ್ದೆ. ತೊಡೆ ತಟ್ಟುತ್ತಾ ಎರಡನ್ನೂ ಹಾಡಿ ತೋರಿಸಿದರು. ನನ್ನ ಮಾತು ತಾಳಕ್ಕೆ ಕೂರಲೇ ಇಲ್ಲ. ಅವತ್ತು ರಾತ್ರಿಯೇ ಎಲ್ಲಾ ಪದಗಳನ್ನೂ ಹಾಡಿದ ಹಾಗೇ ಮತ್ತೆ ಬರೆದೆ. ನಮ್ಮ ಪತ್ರಿಕೆಯ ಭಾಷೆ ಸಿಕ್ಕಿದ್ದು ಅಲ್ಲೇ.

ಆಮೇಲೆ ಆಡಿಯೊ ವಾಟ್ಸಾಪಿನಲ್ಲಿ ಓಡಾಡತೊಡಗಿತು. ಬೆಂಗಳೂರು, ಪುಣೆಗೆ ಕಟ್ಟಡ ಕೆಲಸಕ್ಕೆ ಹೋದ ನಮ್ಮ ಕಡೆಯವರು ‘ನಮ್ಮೂರ ಭಜನಿನೂ ಹಾಕ್ರಿ’ ಅಂತ ಮೆಸೇಜ್ ಮಾಡಿದರು. ಮನೆಯಲ್ಲಿದ್ದ ಹಾಡಿನ ನೋಟ್‌ಬುಕ್‌ಗಳ ಫೋಟೊ ಕಳಿಸಿದರು. ಒಬ್ಬರು ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಕಳಿಸಿದ್ದರು. ಯೂನಿಕೋಡ್‌ಗೆ ತಂದರೆ ಒತ್ತಕ್ಷರಗಳೇ ಮಾಯ! ಒಂದೊಂದು ಪದಕ್ಕೆ ಒಂದೊಂದು ಸಂಜೆ ಹಿಡಿಯಿತು. ಇಂಥ ಕಡೆ ಅವಸರ ಮಾಡಬಾರದು. ಕೊನೆಯ ಸಾಲಿನ ಅಂಕಿತವನ್ನಂತೂ, ಅಂದರೆ ಪದ ಯಾರದೆಂದು ತೋರಿಸುವ ಗುರುತಿನ ಹೆಸರನ್ನು, ಕೇಳಿಯೇ ಬರೆಯಬೇಕು. ಮಡಿವಾಳಪ್ಪನವರ ಪದಗಳಲ್ಲಿ ‘ಮಹಾಂತ’ ಬರುತ್ತದೆ. ಅದನ್ನು ತಪ್ಪಿಸಿದರೆ ಪದ ಯಾರದೋ ಆಗಿಬಿಡುತ್ತದೆ, ಅಲ್ವಾ?

ಜಾಹೀರಾತು ಹಾಕಿಲ್ಲ. ಓದುಗರು ಕಳಿಸುವ ದುಡ್ಡಲ್ಲಿ ಮೊದಲು ಹಾಡಿದವರಿಗೆ, ಆಮೇಲೆ ಬಸ್ ಚಾರ್ಜಿಗೆ. ವೆಬ್‌ಸೈಟ್ ಖರ್ಚಿಗೆ ದುಡ್ಡು ಕಡಿಮೆ ಬಿದ್ದರೆ ಮೂವರೂ ಹಂಚಿಕೊಳ್ಳುತ್ತೇವೆ.

ಮಡಿವಾಳಪ್ಪನವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ ಇನ್ನೂ ಯಾಕೆ ಹಾಕಿಲ್ಲ ಅಂತ ಮುತ್ಯಾ ಮೊನ್ನೆ ಫೋನ್ ಮಾಡಿಸಿ ಕೇಳಿದರು. ಈ ಅಮಾವಾಸ್ಯೆಗೆ ಅದಕ್ಕೇ ಹೊರಟಿದ್ದೇವೆ.